ಹೊರಾಲಿ

ಬೋರ್ಡಿನಲ್ಲಿ ಬರೆದದ್ದು ಲೇಕ್ ವ್ಯೂ ಕಾಟೇಜ್.
ಹಿರಿಯಡಕದಿಂದ ತಂದು ಬಿಟ್ಟ ರಿಕ್ಷಾದವನು ಮಾತ್ರ
"ಓ, ಕೋರೆಯಾ?" ಅಂದ.
ಇಪ್ಪತ್ತು ವರ್ಷ ಮುರಕಲ್ಲು ಕಡಿದು ಕಡಿದು
ಅರ್ಧ ಉಡುಪಿಯ ಗೋಡೆಗಳು ಎದ್ದುಹೋದ ಹೊಂಡ.
ಉಳಿದ ಜಾಗದಲ್ಲಿ ಮಳೆ ನಿಂತಿತು.
ಮೀನು ಯಾರು ತಂದು ಬಿಟ್ಟರೋ,
ನೈದಿಲೆಯ ಬೀಜ ಯಾರ ಕಾಲಿಗೆ ಅಂಟಿ ಬಂತೋ.
ಹಕ್ಕಿಗಳು ಬೋರ್ಡು ಓದುವುದಿಲ್ಲ.
ಬಂದವು.

ನಾನು ಬಂದದ್ದು ಜವಳಿ ಅಂಗಡಿಯ ಲಕ್ಕಿ ಡ್ರಾದಲ್ಲಿ,
ಎರಡು ರಾತ್ರಿ, ತಿಂಡಿ ಸೇರಿ.
(ಸೀರೆ ಬಂದಿದ್ದರೆ ಒಳ್ಳೆಯದಿತ್ತು.)
ಜೊತೆಗೆ ವಾರಿಜ, ಸೊಸೈಟಿಯಲ್ಲಿ ಹದಿನೆಂಟು ವರ್ಷ
ಪಕ್ಕದ ಕೌಂಟರಿನಲ್ಲಿ ನೋಟು ಎಣಿಸಿದವಳು,
ಹಡಗಿನಲ್ಲಿದ್ದ ಭಾವನ ದುರ್ಬೀನು ನನ್ನ ಕೊರಳಿಗೆ ಹಾಕಿ
"ನೀನು ನೋಡು ಮಾರಾಯ್ತಿ" ಎಂದು
ಎ.ಸಿ. ಹಾಕಿ ಮಲಗಿದಳು.

ಬೆಳಿಗ್ಗೆ ಆರು. ಮರದ ಜಗಲಿ, ಹಕ್ಕಿಯ ಪುಸ್ತಕ,
ಗೀಟು ಹಾಕಿದ ಹಾಳೆ: ಹೆಸರು, ಸಂಖ್ಯೆ, ಹೊತ್ತು.
ಚಾಳಿ ಬಿಡಬೇಕಲ್ಲ.

ನೀರುಕಾಗೆ ನಾಲ್ಕು,
ಒಣಗಲು ಬಿಚ್ಚಿಟ್ಟ ಕೊಡೆಗಳ ಹಾಗೆ.
ಹುಂಡುಕೋಳಿ ಒಂದು, ಈ ಕಡೆಯವರ ಉಂಡೆಕೋರಿ,
ಬಿಳಿ ಎದೆಗೆ ಕೆಸರು ತಾಗಿಸದೆ ಮೆಲ್ಲ ದಾಟಿತು.
ದೇವನಕ್ಕಿ ಎರಡು.
ಎಲೆ ಮುಳುಗುವ ಮುಂಚೆ ಮುಂದಿನ ಎಲೆ,
ಅದು ಮುಳುಗುವ ಮುಂಚೆ ಇನ್ನೊಂದು:
ಸಂಬಳದ ಮನೆಯವರು ಇಪ್ಪತ್ತೈದನೇ ತಾರೀಕು ದಾಟುವುದು ಹೀಗೇ.
ದಡದಲ್ಲೊಂದು ಕಂದು ಕಲ್ಲು.
ಎರಡು ಸಲ ಅದರ ಮೇಲೆ ದುರ್ಬೀನು ಹಾಯಿಸಿದ್ದೆ.
ಮೂರನೇ ಸಲ ಆ ಕಲ್ಲು ಎದ್ದು ಹಾರಿತು,
ಬೆಳ್ಳಗೆ,
ಕೊಳದ ಬಕ.

ನಡುನೀರಿನಲ್ಲಿ ನಿದ್ದೆ ಹೋದ ಬಾತುಗಳ ರಾಶಿ.
ಮೂವತ್ತೇಳು. ಮತ್ತೆ ಎಣಿಸಿದೆ, ನಲವತ್ತೊಂದು.
ಮತ್ತೆ, ಮೂವತ್ತೊಂಬತ್ತು.
ಈ ಬೆರಳುಗಳಿಗೆ ಇಂಥ ಅವಮಾನ
ನೋಟು ರದ್ದಾದ ವರ್ಷವೂ ಆಗಿರಲಿಲ್ಲ.

ಚಾ ತಂದ ಹುಡುಗ ತಟ್ಟೆ ಇಟ್ಟು, ನೀರು ನೋಡಿ,
"ಹೊರಾಲಿ" ಅಂದ.
ಹೊರ ಆಳು ಎಂದು ನನಗೆ ಕೇಳಿತು.
"ಯಾರು ಹಾಗೆ ಕರೆದದ್ದು ನಿನ್ನನ್ನು?"
ನನ್ನ ದನಿ ಏರಿತ್ತು. ಅವನು ನಕ್ಕ.
"ನನ್ನನ್ನಲ್ಲ ಮೇಡಂ, ಬಾತು. ನಮ್ಮ ಊರಲ್ಲಿ ಅದು ಹೊರಾಲಿ."
ಊರು ಲಖಿಂಪುರ, ಅಸ್ಸಾಂ. ಹೆಸರು ರಾತುಲ್ ಪೇಗು.
ಮೂರು ಟ್ರೈನು, ನಾಲ್ಕು ದಿವಸ.
ಕನ್ನಡ ಕಲಿತದ್ದು ಇಲ್ಲಿಯ ಅಡುಗೆಮನೆಯಲ್ಲಿ,
ಅದಕ್ಕೇ ಅದರಲ್ಲಿ ಅಷ್ಟು ತುಳು.

ನನ್ನ ಹಾಳೆ ನೋಡಿದ, ಹೊಡೆದುಹಾಕಿದ ಅಂಕೆಗಳನ್ನು.
ಎರಡು ಬೆರಳು ಬಾಯಲ್ಲಿಟ್ಟು
ಸಣ್ಣದಾಗಿ ಊದಿದ, ಸೀ-ಸಿಕ್, ಸೀ-ಸಿಕ್.
ರೆಕ್ಕೆಯೊಳಗಿಂದ ಒಂದೊಂದೇ ಕುತ್ತಿಗೆ
ಪ್ರಶ್ನಾರ್ಥಕ ಚಿಹ್ನೆಯಾಗಿ ಎದ್ದಿತು.
"ಈಗ ಎಣಿಸಿ."
ಐವತ್ತೆರಡು.

ಪುಸ್ತಕ ತೆರೆದೆ. ಶಿಳ್ಳೆ ಬಾತು. ವಲಸೆ ಎಂದಿರಲಿಲ್ಲ,
ಸ್ಥಳೀಯ ಎಂದಿತ್ತು. ನಕ್ಷೆಯಲ್ಲಿ
ನನ್ನ ಊರಿಗೂ ಅವನ ಊರಿಗೂ ಒಂದೇ ಹಸಿರು ಬಳಿದಿದ್ದರು.
ಅವನು ತನ್ನದರ ಮೇಲೆ ಬೆರಳಿಟ್ಟು ತೋರಿಸಿದ,
ಚಾದ ಒದ್ದೆ ಬ್ರಹ್ಮಪುತ್ರದ ಆಚೆಗೂ ಹರಡಿತು.
ಅಷ್ಟರಲ್ಲಿ ರಿಸೆಪ್ಷನ್ನಿನ ಬೆಲ್ಲು.

ಸಂಜೆ ಅಷ್ಟೂ ಒಟ್ಟಿಗೆ ಎದ್ದವು.
ಕಡಿದ ಕಲ್ಲಿನ ಗೋಡೆಗಳು ಆ ಶಿಳ್ಳೆಯನ್ನು
ಒಂದಕ್ಕೊಂದು ದಾಟಿಸಿದವು.
"ಎಂಥದು ಅದು?" ಒಳಗಿಂದ ವಾರಿಜ.
"ಐವತ್ತೆರಡು" ಅಂದೆ.
"ಏನು ಐವತ್ತೆರಡು?"
ಗದ್ದೆಯ ಕಡೆಗೆ ಹೋಗಿಯಾಗಿತ್ತು.

ಮರುದಿನ ಚಾ ತಂದದ್ದು ಬೇರೆ ಹುಡುಗ.
ರಾತುಲ್‌ಗೆ ಲಾಂಡ್ರಿ ಡ್ಯೂಟಿಯಂತೆ.
ಹಿತ್ತಲಲ್ಲಿ ಬಿಳಿ ಹಾಸುಗಳು ಸಾಲಾಗಿ ಗಾಳಿಗೆ ಉಬ್ಬುತ್ತಿದ್ದವು.
ಬಾತುಗಳು ಮತ್ತೆ ಬಂದು ಮಲಗಿದ್ದವು, ಅದೇ ರಾಶಿ.
ಆಚೀಚೆ ಯಾರೂ ಇಲ್ಲವೆಂದು ನೋಡಿ
ಅರುವತ್ತೊಂದರ ಈ ಬಾಯಿಗೆ ಎರಡು ಬೆರಳಿಟ್ಟೆ.
ಬರೀ ಗಾಳಿ.
ನೀರುಕಾಗೆಯೊಂದು ಇತ್ತ ತಿರುಗಿ ನೋಡಿ
ಪುನಃ ರೆಕ್ಕೆ ಒಣಗಿಸತೊಡಗಿತು.